ಮಾಳಿಗೆಗೆ ಸುಣ್ಣ, ಕೈಯಲ್ಲಿ ನೋಟ್‌ಬುಕ್: ಕಲಬುರಗಿ ಬಿಸಿಲಿನಲ್ಲಿ ಒಂದು ಸಣ್ಣ ಸಂಶೋಧನೆ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ನಾವು ಕೊಡುವ ಮರ್ಯಾದೆ ಅಷ್ಟಿದೆ. ಮನೆಗೆ ಮಾತ್ರ ಇಂಥ ರಿಯಾಯಿತಿ ಇಲ್ಲ. ರಾತ್ರಿ ಹತ್ತಕ್ಕೆ ಮಲಗಿದರೂ ಮೇಲಿನ ಸ್ಲ್ಯಾಬ್ ರೊಟ್ಟಿ ಹಂಚಿನ ಹಾಗೆ ಕಾಯ್ದಿರುತ್ತದೆ.

ಮಾಳಿಗೆಗೆ ಸುಣ್ಣ ಬಳಿದರೆ ಮನೆ ತಂಪಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ತಂಪು? ಒಂದು ಡಿಗ್ರಿಯಾ, ನಾಲ್ಕಾ? ಕೇಳಿದರೆ "ಭಾಳ ಫರಕ್ ಬೀಳ್ತದ್ರಿ" ಅನ್ನುತ್ತಾರೆ. ಆ "ಭಾಳ" ಎನ್ನುವುದನ್ನು ಅಂಕಿಗೆ ಇಳಿಸುವುದು, ಅದೂ ಇನ್ನೊಬ್ಬರು ಬಂದು ಪರೀಕ್ಷಿಸಿ ನೋಡಬಹುದಾದ ಹಾಗೆ ಇಳಿಸುವುದು, ಇದಕ್ಕೇ ಸಂಶೋಧನೆ ಅನ್ನೋದು.

ಈ ಲೇಖನ ಪಿಯುಸಿ, ಡಿಗ್ರಿ ಓದುವವರಿಗೆ, ಮಕ್ಕಳಿಂದ ಪ್ರಾಜೆಕ್ಟ್ ಮಾಡಿಸಬೇಕಾದ ಮಾಸ್ತರರಿಗೆ, ಸುಮ್ನೆ ಕುತೂಹಲ ಇರುವವರಿಗೆ. ಬೇಕಾಗುವುದು ಎರಡು ಥರ್ಮಾಮೀಟರ್, ಒಂದು ನೋಟ್‌ಬುಕ್, ಒಂದು ಚೀಲ ಸುಣ್ಣ, ಒಂದು ನಾಣ್ಯ, ಇಪ್ಪತ್ತು ಇಪ್ಪತ್ತೈದು ದಿನದ ತಾಳ್ಮೆ. ಈ ಒಂದು ಪ್ರಶ್ನೆಯಲ್ಲಿ ಬಿಸಿಲಿನ ಭೌತಶಾಸ್ತ್ರ ಇದೆ, ಮನೆ ಕಟ್ಟುವ ಎಂಜಿನಿಯರಿಂಗ್ ಇದೆ, ಒಳಗೆ ಬೇಯುವ ಮನುಷ್ಯನ ವೈದ್ಯಕೀಯವೂ ಇದೆ. ಹಾಗಾಗಿ ಇದನ್ನೇ ಆರಿಸಿಕೊಂಡೆ.

ಹೆಜ್ಜೆ 1: ಪ್ರಶ್ನೆಯನ್ನು ಸಣ್ಣದು ಮಾಡಿ

"ಕಲಬುರಗಿಯ ತಾಪಮಾನ ಸಮಸ್ಯೆ ಮತ್ತು ಪರಿಹಾರಗಳು" ಎಂಬುದು ಭಾಷಣದ ವಿಷಯ, ಸಂಶೋಧನೆಯದಲ್ಲ. "ಆರ್‌ಸಿಸಿ ಮಾಳಿಗೆಗೆ ಎರಡು ಕೋಟ್ ಸುಣ್ಣ ಬಳಿದರೆ, ಮೇ ತಿಂಗಳಲ್ಲಿ, ಮಧ್ಯಾಹ್ನ 3ಕ್ಕೆ ಮತ್ತು ರಾತ್ರಿ 9ಕ್ಕೆ ಕೋಣೆಯ ಗಾಳಿ ಎಷ್ಟು ಡಿಗ್ರಿ ತಣ್ಣಗಿರುತ್ತದೆ?" ಇದು ಪ್ರಶ್ನೆ. ಏನು ಮಾಡುತ್ತೀರಿ, ಯಾವುದರ ಮೇಲೆ, ಯಾವಾಗ, ಏನನ್ನು ಅಳೆಯುತ್ತೀರಿ, ನಾಲ್ಕೂ ಅದರಲ್ಲಿವೆ.

ಆರ್‌ಸಿಸಿ ಅಂತ ಯಾಕೆ ಒತ್ತಿ ಹೇಳಿದೆ ಅಂದರೆ, ನಮ್ಮ ಕಡೆ ಮೇಲ್ಛಾವಣಿ ಒಂದೇ ತರಹ ಇಲ್ಲ. ಹಳೆ ಓಣಿಗಳಲ್ಲಿ ದಪ್ಪ ಮಣ್ಣಿನ ಮಾಳಿಗೆ ಇದೆ, ಶಹಾಬಾದ್ ಕಡೆ ಕಲ್ಲು ಹಾಸಿದ ಮನೆಗಳಿವೆ, ಹೊಸ ಬಡಾವಣೆಯ ಅಂಚಿನಲ್ಲಿ ಪತ್ರಾಸ್ ಶೆಡ್ಡುಗಳಿವೆ. ತಗಡು ಬಿಸಿಲು ಬಿದ್ದ ಕೂಡಲೇ ಕಾಯುತ್ತದೆ, ಬಿಸಿಲು ಹೋದ ಕೂಡಲೇ ಆರುತ್ತದೆ. ದಪ್ಪ ಸ್ಲ್ಯಾಬ್ ಹಾಗಲ್ಲ. ಮಧ್ಯಾಹ್ನ ಕುಡಿದ ಶಾಖವನ್ನು ಕೆಲವು ಗಂಟೆ ತಡಮಾಡಿ ಒಳಗೆ ಬಿಡುತ್ತದೆ. ಊಟ ಮುಗಿಸಿ ಮಲಗುವ ಹೊತ್ತಿಗೆ ಮೇಲಿಂದ ಝಳ ಹೊಡೆಯುತ್ತದಲ್ವಾ, ಅದು ಮಧ್ಯಾಹ್ನದ ಬಿಸಿಲೇ, ತಡವಾಗಿ ಬಂದಿದ್ದು. ತಗಡು, ಸ್ಲ್ಯಾಬ್ ಎರಡನ್ನೂ ಒಂದೇ ಪ್ರಯೋಗದಲ್ಲಿ ಕಲಸಿದರೆ ಏನೂ ಗೊತ್ತಾಗೋದಿಲ್ಲ.

ಹೆಜ್ಜೆ 2: ಬೇರೆಯವರು ಏನು ಕಂಡಿದ್ದಾರೆ ನೋಡಿ

ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾದಲ್ಲಿ ಪುಕ್ಕಟೆ ಸಿಗುತ್ತವೆ, ವೈದ್ಯಕೀಯದ ಲೇಖನಗಳ ಸಾರಾಂಶ ಪಬ್‌ಮೆಡ್‌ನಲ್ಲಿ. "ಕೂಲ್ ರೂಫ್" ಎಂದು ಹುಡುಕಿದರೆ ಸಾಕು, ರಾಶಿ ಬೀಳುತ್ತದೆ. ಅಹಮದಾಬಾದ್ 2010ರ ಭೀಕರ ಬಿಸಿಗಾಳಿಯ ನಂತರ 2013ರಲ್ಲಿ ತನ್ನದೇ ಬಿಸಿಗಾಳಿ ಕ್ರಿಯಾಯೋಜನೆ ಮಾಡಿಕೊಂಡಿತು, ಮುಂದೆ ಬಡವರ ಮನೆಗಳ ಮೇಲೆ ಬಿಳಿ ಬಣ್ಣ ಬಳಿಸಿತು. ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿಯನ್ನೇ ತಂದಿತು. ಗಡಿ ದಾಟಿದರೆ ತೆಲಂಗಾಣ. ಅಲ್ಲಿಯ ಬಿಸಿಲೂ ನಮ್ಮದೇ.

ಲೇಖನ ಸಿಕ್ಕಾಗ ಮೊದಲಿಂದ ಕೊನೆಯವರೆಗೆ ಓದಲು ಹೋಗಬೇಡಿ, ನಿದ್ದೆ ಬರುತ್ತದೆ. ಸಾರಾಂಶ ಓದಿ, ಆಮೇಲೆ ನೇರ ವಿಧಾನದ ಭಾಗಕ್ಕೆ ಹೋಗಿ. ಯಾವುದಕ್ಕೆ ಹೋಲಿಸಿದರು, ಎಷ್ಟು ಮನೆ, ಎಷ್ಟು ದಿನ, ಎಲ್ಲಿ ಅಳೆದರು. "10 ಡಿಗ್ರಿ ಇಳಿಯಿತು" ಎಂದು ಎಲ್ಲಾದರೂ ಕಂಡರೆ ಹುಷಾರು. ಅದು ಮಾಳಿಗೆಯ ಮೇಲ್ಮೈಯದಾ, ಒಳಗಿನ ಗಾಳಿಯದಾ? ಮೇಲ್ಮೈಯಲ್ಲಿ 10 ಇಳಿದರೂ ಒಳಗೆ ಅಷ್ಟು ಇಳಿಯುವುದಿಲ್ಲ. ಬಣ್ಣ ಮಾರುವವರು ಯಾವ ಅಂಕಿ ಹೇಳುತ್ತಾರೆ ಅಂತ ಬೇರೆ ಹೇಳಬೇಕಿಲ್ಲ.

ಅರ್ಥವಾಗದ್ದನ್ನು ಕೇಳಲು ಊರಲ್ಲೇ ಜನ ಇದ್ದಾರೆ. 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ ಇದೆ, ಆಳಂದ ರಸ್ತೆಯಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, 1958ರಷ್ಟು ಹಳೆಯ ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ, ಜಿಲ್ಲಾ ವಿಜ್ಞಾನ ಕೇಂದ್ರ ಇದೆ. "ಸರ್, ಸಂಶೋಧನೆ ಮಾಡಬೇಕು" ಅಂತ ಹೋದರೆ ಯಾರಿಗೂ ಪುರುಸೊತ್ತಿರುವುದಿಲ್ಲ. "ಸರ್, ಎರಡು ಥರ್ಮಾಮೀಟರ್ ಬೇರೆ ಬೇರೆ ತೋರಿಸುತ್ತಿವೆ, ಏನು ಮಾಡಲಿ?" ಅಂತ ಹೋಗಿ. ಕೂರಿಸಿ ಚಹಾ ಕೊಡುತ್ತಾರೆ.

ಹೆಜ್ಜೆ 3: ಥರ್ಮಾಮೀಟರ್ ಅನ್ನು ಮೊದಲು ಪರೀಕ್ಷಿಸಿ

ನನ್ನ ಮೊದಲ ಪ್ರಯೋಗ ಹೈಸ್ಕೂಲಿನಲ್ಲಿ. ಮನೆಯಲ್ಲಿದ್ದ ಜ್ವರದ ಥರ್ಮಾಮೀಟರ್‌ಗೆ ದಾರ ಕಟ್ಟಿ ಕೋಣೆಯಲ್ಲಿ ನೇತುಹಾಕಿದೆ. ಮಧ್ಯಾಹ್ನ 106 ಫ್ಯಾರನ್‌ಹೀಟ್, ಅಂದರೆ 41 ಸೆಲ್ಸಿಯಸ್. ರಾತ್ರಿ ನೋಡಿದೆ, 106. ಮರುದಿನ ನಸುಕಿನಲ್ಲಿ ನೋಡಿದೆ, ಆಗಲೂ 106. ನಮ್ಮ ಮನೆ ರಾತ್ರಿ ತಣ್ಣಗಾಗುವುದೇ ಇಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆಯನ್ನೂ ಎಳೆದೆ. ಕಾಕಾ ಬಂದು "ಏನ್ ಮಾಡ್ಲಕತ್ತಿ ತಮ್ಮಾ?" ಎಂದು ಅದನ್ನು ತೆಗೆದು ಎರಡು ಸಲ ಜೋರಾಗಿ ಕೊಡವಿದರು. ಪಾದರಸ ಸರ್ರನೆ ಇಳಿಯಿತು.

ಜ್ವರದ ಥರ್ಮಾಮೀಟರಿನ ಕೊಳವೆಯಲ್ಲಿ ಒಂದು ಕಡೆ ಕತ್ತು ಹಿಸುಕಿದ ಹಾಗೆ ಕಿರಿದು ಮಾಡಿರುತ್ತಾರೆ. ಏರಿದ ಪಾದರಸ ತಾನಾಗಿ ಇಳಿಯುವುದಿಲ್ಲ. ಬಾಯಿಂದ ತೆಗೆದ ಮೇಲೂ ಆರಾಮವಾಗಿ ಓದಲು ಆ ವ್ಯವಸ್ಥೆ. ನನ್ನ ಉಪಕರಣ ಸರಿಯಾಗೇ ಕೆಲಸ ಮಾಡುತ್ತಿತ್ತು, ಅದು ಏನನ್ನು ಅಳೆಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಅಷ್ಟೇ. ನೀವು ಅದನ್ನು ನೇತುಹಾಕಲೇಬೇಡಿ. 108ರ ಮೇಲೆ ಅದಕ್ಕೆ ಜಾಗವಿಲ್ಲ. ಒಡೆದರೆ ಪಾದರಸ ವಿಷ.

ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಕೂಡ ಬೇಡ, ಅದು ಮೈಯ ಬಿಸಿಗೆ ಮಾಡಿದ್ದು. ವರ್ಕ್‌ಶಾಪ್‌ಗಳಲ್ಲಿ ಬಳಸುವ ಇನ್‌ಫ್ರಾರೆಡ್ ಗನ್ ಸಿಕ್ಕರೆ ಸ್ಲ್ಯಾಬಿನ ಒಳಮೈ ಅಳೆಯಬಹುದು. ಆದರೆ ಹೊಳೆಯುವ ತಗಡಿಗೆ ಹಿಡಿದರೆ ಅದು ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಕೋಣೆಯ ಡಿಜಿಟಲ್ ಥರ್ಮಾಮೀಟರ್ ಸಾಕು. ಎರಡನ್ನೂ ಒಂದು ದಾರದಲ್ಲಿ ಕಟ್ಟಿ ನೆರಳಲ್ಲಿ ಒಂದು ದಿನ ಇಡಿ, ಗಂಟೆಗೊಮ್ಮೆ ಓದಿ. ಒಂದು ಯಾವಾಗಲೂ 0.7 ಜಾಸ್ತಿ ತೋರಿಸುತ್ತಿದ್ದರೆ ಪರವಾಗಿಲ್ಲ, ಅದನ್ನು ಬರೆದಿಟ್ಟು ಮುಂದೆ ಕಳೆಯಿರಿ. ಒಮ್ಮೆ 0.2, ಒಮ್ಮೆ 1.5 ಎಂದು ಕುಣಿದರೆ ಅಂಗಡಿಗೆ ವಾಪಸ್ ಕೊಡಿ. ಪರದೆಯಲ್ಲಿ 37.4 ಎಂದು ಬಿಂದು ಸಮೇತ ಕಂಡ ಮಾತ್ರಕ್ಕೆ ಅದು ಅಷ್ಟು ನಿಖರ ಅಲ್ಲ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಡಿಗ್ರಿ ಹೆಚ್ಚು ಕಡಿಮೆ ಇರಬಹುದು ಎಂದು ಬರೆದಿರುತ್ತದೆ.

ನೀರಿನಲ್ಲಿ ಅದ್ದಬಹುದಾದ ಗಾಜಿನ ಲ್ಯಾಬ್ ಥರ್ಮಾಮೀಟರ್ ಇದ್ದರೆ ಪುಡಿ ಮಾಡಿದ ಐಸಿಗೆ ಚೂರು ನೀರು ಹಾಕಿ ಅದ್ದಿ, 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ತೋರಿಸಲಿಲ್ಲ ಎಂದು ಮಾತ್ರ ಗಾಬರಿಯಾಗಬೇಡಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 98.5ಕ್ಕೇ ಕುದಿಯುತ್ತದೆ.

ನೇತುಹಾಕುವ ಜಾಗ: ಕೋಣೆಯ ನಡುವೆ, ನೆಲದಿಂದ ನಾಲ್ಕು ಅಡಿ ಎತ್ತರ, ಗೋಡೆಗೆ ತಾಗದ ಹಾಗೆ, ಫ್ರಿಜ್ಜು ಕಿಟಕಿಗಳಿಂದ ದೂರ. ಹವಾಮಾನ ಇಲಾಖೆಯವರು ಥರ್ಮಾಮೀಟರನ್ನು ಬಿಳಿ ಬಣ್ಣದ, ಗಾಳಿ ಆಡುವ ಪಟ್ಟಿಗಳ ಮರದ ಪೆಟ್ಟಿಗೆಯಲ್ಲಿ ಇಡುವುದೂ ಅದು ಗಾಳಿಯ ಬಿಸಿಯನ್ನಷ್ಟೇ ಅಳೆಯಲಿ ಅಂತ. ಆ ಪೆಟ್ಟಿಗೆಗೆ ಸ್ಟೀವನ್‌ಸನ್ ಸ್ಕ್ರೀನ್ ಎಂದು ಹೆಸರು. ಅದನ್ನು ರೂಪಿಸಿದ ಥಾಮಸ್ ಸ್ಟೀವನ್‌ಸನ್ ಹವಾಮಾನ ಕಚೇರಿಯ ನೌಕರ ಅಲ್ಲ, ಸ್ಕಾಟ್‌ಲೆಂಡಿನಲ್ಲಿ ದೀಪಸ್ತಂಭ ಕಟ್ಟುತ್ತಿದ್ದ ಎಂಜಿನಿಯರ್.

ಹೆಜ್ಜೆ 4: ಹೋಲಿಕೆಗೆ ಇನ್ನೊಂದು ಮನೆ

ಎಡವುವವರೆಲ್ಲ ಇಲ್ಲೇ ಎಡವುವುದು. ಸುಣ್ಣ ಬಳಿಯುವ ಮುಂಚೆ 38 ಇತ್ತು, ಬಳಿದ ಮೇಲೆ 36 ಆಯಿತು, ಹಾಗಾದರೆ 2 ಡಿಗ್ರಿ ಇಳಿಯಿತು. ಅಲ್ಲ! ನಡುವೆ ಒಂದು ಅಕಾಲಿಕ ಮಳೆ ಬಿದ್ದು ಊರೇ ತಣ್ಣಗಾಗಿರಬಹುದು. ಅದಕ್ಕೇ ಪಕ್ಕದಲ್ಲಿ ಸುಣ್ಣ ಬಳಿಯದ, ನಿಮ್ಮದರಂಥದ್ದೇ ಇನ್ನೊಂದು ಮನೆ ಬೇಕು. ಊರಿಗೆ ಬಂದ ಮೋಡ ಎರಡೂ ಮನೆಯ ಮೇಲೆ ಬರುತ್ತದೆ, ಸುಣ್ಣ ಮಾತ್ರ ಒಂದರ ಮೇಲೆ.

ವೈದ್ಯಕೀಯ ಇದನ್ನು ಕಲಿತದ್ದು ಸಮುದ್ರದ ಮೇಲೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ ರೋಗದಿಂದ ನರಳುತ್ತಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಊಟ ಒಂದೇ, ಜಾಗ ಒಂದೇ, ಔಷಧಿ ಮಾತ್ರ ಬೇರೆ ಬೇರೆ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ಬ್ರಿಟಿಷ್ ನೌಕಾಪಡೆ ನಾವಿಕರಿಗೆಲ್ಲ ನಿಂಬೆರಸ ಕೊಡಲು ಶುರು ಮಾಡಿದ್ದು 1795ರಲ್ಲಿ. ಸರ್ಕಾರಿ ಫೈಲು ಎಲ್ಲಾ ಕಡೆ ಒಂದೇ.

ಯಾವ ಮನೆಗೆ ಸುಣ್ಣ, ಯಾವುದಕ್ಕೆ ಇಲ್ಲ? ನೀವೇ ಆರಿಸಬೇಡಿ, ನಾಣ್ಯ ಚಿಮ್ಮಿ. ನಿಮಗೆ ಗೊತ್ತಿಲ್ಲದೆಯೇ ಬೇವಿನ ಮರದ ನೆರಳಿರುವ ಮನೆಯನ್ನು ಸುಣ್ಣಕ್ಕೆ ಆರಿಸಿಬಿಡುತ್ತೀರಿ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಕ್ಷಯರೋಗ ಪ್ರಯೋಗದಲ್ಲಿ ಯಾರಿಗೆ ಸ್ಟ್ರೆಪ್ಟೋಮೈಸಿನ್ ಎಂಬುದನ್ನು ವೈದ್ಯರ ಮರ್ಜಿಗೆ ಬಿಡದೆ, ಮುಚ್ಚಿದ ಲಕೋಟೆಯೊಳಗಿನ ಚೀಟಿ ನೋಡಿ ತೀರ್ಮಾನಿಸಿದರು. ಇಂದಿಗೂ ಹೊಸ ಔಷಧಿಯ ಪರೀಕ್ಷೆ ನಡೆಯುವುದು ಅದೇ ದಾರಿಯಲ್ಲಿ. ಆರು ಮನೆ ಸಿಕ್ಕರೆ ಇನ್ನೂ ಚೆನ್ನ, ಮೂರಕ್ಕೆ ಚೀಟಿ ಎತ್ತಿ.

ಹೋಲಿಕೆಯ ಮನೆಯವರ ಜೊತೆ ಮೊದಲೇ ಕೂತು ಮಾತಾಡಿ. ನಾನು ಮಾತಾಡದೆ ಕೆಟ್ಟೆ. ಎಂಟು ದಿನ ಓದಿಕೊಂಡ ಮೇಲೆ ಅವರ ಮನೆಯ ರಾತ್ರಿಯ ಅಂಕಿ ಯಾಕೋ ವಿಚಿತ್ರವಾಗಿ ಕಡಿಮೆ ಅನಿಸಿತು.

"ಕಾಕಿ, ಮಾಳಿಗಿ ಮ್ಯಾಲ ನೀರು ಹೊಡೀತೀರೇನ್ರಿ?"

"ಹೊಡೀಲಾರದ ಮಲಗೋದು ಹ್ಯಾಂಗ ತಮ್ಮಾ? ದಿನಾ ಎರಡು ಕೊಡ ಹೊಡೀತೀನಿ."

ಎಂಟು ದಿನದ ಕೆಲಸ ಅಲ್ಲಿಗೆ ಮುಗಿಯಿತು. ಒಂದು ಲೀಟರ್ ನೀರು ಆವಿಯಾಗಿ ಆರಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು. 10 ಲೀಟರಿನ ಒಂದು ಕೊಡ ಪೂರ್ತಿ ಆರಿದರೆ ಆರೂವರೆ ಯೂನಿಟ್ ವಿದ್ಯುತ್ತಿಗಿಂತ ಜಾಸ್ತಿ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಕಾಕಿಯ ಎರಡು ಕೊಡ ನನ್ನ ಸುಣ್ಣಕ್ಕೆ ಸೆಡ್ಡು ಹೊಡೆಯುವಂಥದ್ದೇ. ಹಾಗೆಯೇ ಶಾವಿಗೆ, ಸಂಡಿಗೆ ಒಣಗಿಸಲು ಮಾಳಿಗೆ ತುಂಬಾ ಬಿಳಿ ಧೋತ್ರ ಹಾಸುತ್ತಾರಾ, ಕೂಲರ್ ಯಾವಾಗ ಹಚ್ಚುತ್ತಾರೆ, ಎಲ್ಲಾ ಕೇಳಿಕೊಳ್ಳಿ. ಬೇಸಿಗೆಯಲ್ಲಿ ಇದನ್ನೆಲ್ಲ ಬಿಡಿ ಅನ್ನಲು ಆಗುವುದಿಲ್ಲ. ಯಾರೂ ಮಲಗದ, ಕೂಲರ್ ಇಲ್ಲದ ಕೋಣೆ, ಸ್ಟೋರ್ ರೂಮ್ ತರಹದ್ದು, ಎರಡೂ ಮನೆಯಲ್ಲಿ ಸಿಕ್ಕರೆ ಒಳ್ಳೆಯದು.

ಹೆಜ್ಜೆ 5: ಏನಾಗುತ್ತದೆ ಅಂತ ಮೊದಲೇ ಬರೆದು ಸಹಿ ಹಾಕಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ: ಎಷ್ಟು ದಿನ ಅಳೆಯುತ್ತೇನೆ, ಯಾವ ಹೊತ್ತಿಗೆ, ಮಳೆ ಬಂದ ದಿನವನ್ನು ಸೇರಿಸುತ್ತೇನಾ ಬಿಡುತ್ತೇನಾ, ಎಷ್ಟು ಇಳಿಯಬಹುದು ಎಂದು ನನ್ನ ಅಂದಾಜು. ತಾರೀಖು ಹಾಕಿ. ಇಲ್ಲದಿದ್ದರೆ ಅಂಕಿ ಬಂದ ಮೇಲೆ ನಮಗೆ ಬೇಕಾದ ಕಡೆ ನಿಯಮ ವಾಲುತ್ತದೆ. ನಮ್ಮ ದೇಶದಲ್ಲಿ ಔಷಧಿ ಪ್ರಯೋಗಗಳನ್ನು ಶುರು ಮಾಡುವ ಮುಂಚೆಯೇ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು ಎಂದು 2009ರಲ್ಲಿ ಕಡ್ಡಾಯ ಮಾಡಿದ್ದೂ ಇದೇ ಕಾರಣಕ್ಕೆ.

ಹೆಜ್ಜೆ 6: ಹತ್ತು ದಿನ ಅಳೆಯಿರಿ, ಸುಣ್ಣ ಬಳಿಯಿರಿ, ಮತ್ತೆ ಹತ್ತು ದಿನ

ಮೊದಲ ಹತ್ತು ದಿನ ಎರಡೂ ಮನೆ ಇದ್ದ ಹಾಗೇ ಇರಲಿ. ಬೆಳಿಗ್ಗೆ 7, ಮಧ್ಯಾಹ್ನ 3, ರಾತ್ರಿ 9. ಪೆನ್ನಿನಲ್ಲಿ ಬರೆಯಿರಿ, ತಪ್ಪಾದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆಯಿರಿ. ವೈಟ್ನರ್ ಬೇಡ. ಪಕ್ಕದ ಕಾಲಂನಲ್ಲಿ "ಮೋಡ", "ಕರೆಂಟ್ ಇರಲಿಲ್ಲ", "ಧೂಳಿನ ಗಾಳಿ" ಅಂತ ಏನಿದ್ದರೂ ಹಾಕಿ. ಓದಲು ಮರೆತ ದಿನ ಖಾಲಿ ಬಿಡಿ. ಅಂದಾಜಿನಲ್ಲಿ ತುಂಬಿದ ಒಂದು ಅಂಕಿ ಉಳಿದ ಹತ್ತೊಂಬತ್ತನ್ನೂ ಕೆಡಿಸುತ್ತದೆ. ಸಾಧ್ಯವಾದರೆ, ಯಾವ ಉತ್ತರ ಬರಬೇಕು ಎಂಬ ಆಸೆ ಇಲ್ಲದವರಿಂದ ಓದಿಸಿ. ಆರನೇ ಕ್ಲಾಸಿನ ತಂಗಿ ಈ ಕೆಲಸಕ್ಕೆ ಡಿಗ್ರಿಯ ಅಣ್ಣನಿಗಿಂತ ಮೇಲು.

ಸುಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಇನ್ನೂ ಅರಳಿಸದ ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕೊತಕೊತ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು ಬೇಕೇ ಬೇಕು, ಮಕ್ಕಳನ್ನು ದೂರ ಇಡಿ. ಅರಳಿದ ಸುಣ್ಣದ ಪುಡಿ ಸಿಕ್ಕರೆ ಅದೇ ಲೇಸು. ಮಾಳಿಗೆಯ ಧೂಳನ್ನು ಗುಡಿಸಿ ತೊಳೆದು, ಒಣಗಿದ ಮೇಲೆ ಸಂಜೆ ಎರಡು ಕೋಟ್ ಬಳಿಯಿರಿ. ಒದ್ದೆ ಆರುವವರೆಗಿನ ಒಂದೆರಡು ದಿನ ಲೆಕ್ಕಕ್ಕೆ ಹಿಡಿಯಬೇಡಿ.

ಇಷ್ಟಕ್ಕೂ ಸುಣ್ಣ ಮಾಡುವುದೇನು? ಸ್ವಚ್ಛ ಆಕಾಶದ ನಡುಮಧ್ಯಾಹ್ನ ಒಂದು ಚದರ ಮೀಟರಿಗೆ ಸುಮಾರು 1,000 ವಾಟ್ ಬಿಸಿಲು ಬೀಳುತ್ತದೆ. 10 ಅಡಿಗೆ 10 ಅಡಿ ಕೋಣೆಯ ಮೇಲೆ 9,000 ವಾಟ್ ದಾಟುತ್ತದೆ. ಸಾವಿರ ವಾಟಿನ ಒಂಬತ್ತು ಇಸ್ತ್ರಿಪೆಟ್ಟಿಗೆ ಹಚ್ಚಿ ಮಾಳಿಗೆಯ ಮೇಲೆ ಇಟ್ಟ ಹಾಗೆ! ಹಳೆ ಸಿಮೆಂಟಿನ ಬೂದು ಮೈ ಅದರಲ್ಲಿ ಹೆಚ್ಚು ಪಾಲನ್ನು ನುಂಗುತ್ತದೆ, ಹೊಸ ಬಿಳಿ ಸುಣ್ಣ ಹೆಚ್ಚು ಪಾಲನ್ನು ವಾಪಸ್ ಎಸೆಯುತ್ತದೆ. ಬಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಶಹಾಬಾದ್ ಫರ್ಸಿ ಕಲ್ಲೂ, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಸುಡುವ ಸುಣ್ಣದಕಲ್ಲೂ ಮುಖ್ಯವಾಗಿ ಅದೇ ವಸ್ತು. ಸುಟ್ಟ ಕಲ್ಲು ಮಾಳಿಗೆ ಹತ್ತಿ ಮತ್ತೆ ಕಲ್ಲಾಗುತ್ತದೆ.

ಹೆಜ್ಜೆ 7: ಲೆಕ್ಕ, ಆಮೇಲೆ ಚೀಟಿ ಆಟ

ಲೆಕ್ಕ ತೋರಿಸಲು ಕೆಲವು ಅಂಕಿ ಇಟ್ಟುಕೊಳ್ಳೋಣ, ಇವು ನಿಜವಾದ ಅಳತೆಯಲ್ಲ. ಮೊದಲ ಹತ್ತು ದಿನ ಮಧ್ಯಾಹ್ನದ ಸರಾಸರಿ ನಿಮ್ಮ ಮನೆಯಲ್ಲಿ 37.8, ಕಾಕಿಯ ಮನೆಯಲ್ಲಿ 37.2. ಸುಣ್ಣ ಇಲ್ಲದಾಗಲೇ ನಿಮ್ಮದು 0.6 ಜಾಸ್ತಿ. ಬಳಿದ ಮೇಲಿನ ಹತ್ತು ದಿನ ನಿಮ್ಮದು 36.9, ಕಾಕಿಯದು 38.4. ಈಗ ನಿಮ್ಮದು 1.5 ಕಡಿಮೆ. ಬರೀ ನಿಮ್ಮ ಮನೆ ನೋಡಿದರೆ ಸುಣ್ಣದ ಲಾಭ 0.9 ಅನಿಸುತ್ತದೆ. ಊರು ಕಾವೇರಿದ್ದನ್ನು ಲೆಕ್ಕಕ್ಕೆ ತಂದರೆ 0.6 ಕೂಡಿಸು 1.5, ಒಟ್ಟು 2.1. ಹೋಲಿಕೆಯ ಮನೆ ಇಲ್ಲದಿದ್ದರೆ ಅರ್ಧಕ್ಕೂ ಹೆಚ್ಚು ಲಾಭ ಕಣ್ಣಿಗೇ ಬೀಳುತ್ತಿರಲಿಲ್ಲ.

ಆದರೆ ಈ 2.1 ಬರೀ ಅದೃಷ್ಟದಿಂದ ಬಂದಿದ್ದರೆ? ಕಂಪ್ಯೂಟರ್ ಬೇಡ. ಎರಡು ಮನೆಯ ದಿನದಿನದ ವ್ಯತ್ಯಾಸವನ್ನು, ಜಾಸ್ತಿಯೋ ಕಡಿಮೆಯೋ ಎಂಬ ಗುರುತಿನ ಸಮೇತ, 20 ಚೀಟಿಗಳಲ್ಲಿ ಬರೆಯಿರಿ. ಡಬ್ಬಿಯಲ್ಲಿ ಹಾಕಿ ಕಲಸಿ, ಕಣ್ಣು ಮುಚ್ಚಿ ಹತ್ತು ಹತ್ತರ ಎರಡು ಗುಂಪು ಮಾಡಿ, ಸರಾಸರಿಗಳ ಅಂತರ ನೋಡಿ. ಮತ್ತೆ ಕಲಸಿ. ಹೀಗೆ 100 ಸಲ. ಮನೆಮಂದಿಯೆಲ್ಲ ಕೂತರೆ ಒಂದು ಸಂಜೆಯ ಕೆಲಸ. ಕಲಸಿದ ಚೀಟಿಗಳಲ್ಲೂ 2.1 ಅಥವಾ ಅದಕ್ಕಿಂತ ದೊಡ್ಡ ಅಂತರ ಮೂವತ್ತು ಸಲ ಬಂದರೆ ನಿಮ್ಮ ಸುಣ್ಣ ಏನೂ ಸಾಬೀತು ಮಾಡಿಲ್ಲ. ಒಂದೆರಡು ಸಲ ಮಾತ್ರ ಬಂದರೆ ಅದೃಷ್ಟದ ಆಟ ಅನ್ನುವುದು ಕಷ್ಟ. 100ಕ್ಕೆ 5 ಎಂಬ ಗೆರೆಯನ್ನು ವಿಜ್ಞಾನಿಗಳು ವಾಡಿಕೆಯಾಗಿ ಇಟ್ಟುಕೊಂಡಿದ್ದಾರೆ. ಅದು ಶಿಲಾಶಾಸನ ಅಲ್ಲ. ಇಂದು ಮೋಡ ಇದ್ದರೆ ನಾಳೆಯೂ ಇರುವ ಸಂಭವ ಜಾಸ್ತಿ, ಹಾಗಾಗಿ ಇಪ್ಪತ್ತು ದಿನ ಅಂದರೆ ಪೂರ್ತಿ ಇಪ್ಪತ್ತು ಬೇರೆ ಬೇರೆ ಸಾಕ್ಷಿ ಅಲ್ಲ ಎಂಬುದೂ ನೆನಪಿರಲಿ.

ಮನುಷ್ಯರನ್ನು ಸೇರಿಸಿಕೊಳ್ಳುವುದಾದರೆ

"ನಿದ್ದೆ ಹೇಗೆ ಬಂತು? ತಲೆನೋವು ಇದೆಯಾ?" ಎಂದು ಕೇಳುವ ಆಸೆ ಆಗುತ್ತದೆ. ಅಲ್ಲಿಂದ ನಿಯಮ ಬದಲಾಗುತ್ತದೆ. ಯಾಕೆ ಕೇಳುತ್ತಿದ್ದೀರಿ ಎಂದು ಅವರ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು, ಬೇಡ ಅಂದರೆ ಅಲ್ಲಿಗೇ ಬಿಡಬೇಕು, ಹೆಸರು ಹೊರಗೆ ಹೋಗಬಾರದು, ಮಕ್ಕಳಾದರೆ ತಂದೆತಾಯಿಯ ಒಪ್ಪಿಗೆಯೂ ಬೇಕು. ಇದಕ್ಕೆಲ್ಲ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಇದೆ. ಕಾಲೇಜಿನಿಂದ ಮಾಡುವುದಾದರೆ ನೈತಿಕ ಸಮಿತಿಯ ಅನುಮತಿ ಮೊದಲು. ಪ್ರಯೋಗಕ್ಕೆಂದು ಯಾರನ್ನೂ ಬಿಸಿ ಕೋಣೆಯಲ್ಲಿ ಕೂರಿಸುವ ಮಾತೇ ಇಲ್ಲ. ಮೈಯ ಒಳಗಿನ ಬಿಸಿ 40 ದಾಟಿ ಮಾತು ತೊದಲಿದರೆ, ಗೊಂದಲವಾದರೆ, ಅದು ಬಿಸಿಲಿನ ಹೊಡೆತ. ತಕ್ಷಣ ಮೈ ತಣ್ಣಗೆ ಮಾಡುತ್ತಾ ಆಸ್ಪತ್ರೆಗೆ ಒಯ್ಯಬೇಕು.

ಯಾರಿಗೂ ತೊಂದರೆ ಕೊಡದೆ ದೇಹದ ಬಗ್ಗೆ ತಿಳಿಯುವ ಉಪಾಯ ಒಂದಿದೆ. ಇನ್ನೊಂದು ಗಾಜಿನ ಥರ್ಮಾಮೀಟರಿನ ತುದಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಫ್ಯಾನ್ ಮುಂದೆ ಇಡಿ. ನಮ್ಮ ಒಣ ಬಿಸಿಲಿನಲ್ಲಿ ಅದು ಸರಸರ ಇಳಿಯುತ್ತದೆ. ಬೆವರು ಆರಿ ಮೈ ತಣ್ಣಗಾಗುವುದೂ ಹೀಗೇ. ಮಂಗಳೂರಿನಲ್ಲಿ ಇಷ್ಟು ಇಳಿಯುವುದಿಲ್ಲ. ನಮ್ಮ ಕೂಲರ್ ಅಲ್ಲಿ ಕೆಲಸಕ್ಕೆ ಬಾರದಿರುವುದು ಅದಕ್ಕೇ. ಈ ಒದ್ದೆ ಅಂಕಿ 35 ಮುಟ್ಟಿದರೆ ಮನುಷ್ಯ ತಾಳಲಾರ ಎಂದು 2010ರಲ್ಲಿ ಲೆಕ್ಕ ಹಾಕಿದರು. ಆಮೇಲೆ ಪ್ರಯೋಗ ಮಾಡಿ ನೋಡಿದಾಗ ಗಟ್ಟಿಮುಟ್ಟಾದ ಯುವಕರಿಗೂ ಅದಕ್ಕಿಂತ ಕೆಳಗೇ ಕಷ್ಟ ಶುರುವಾಯಿತು.

ಬರೆದು ಮುಗಿಸುವುದು

ನಾಲ್ಕು ಭಾಗ ಸಾಕು: ಏನು ಕೇಳಿದೆ, ಹೇಗೆ ಮಾಡಿದೆ, ಏನು ಬಂತು, ಅದರ ಅರ್ಥ ಏನಿರಬಹುದು. "ಹೇಗೆ ಮಾಡಿದೆ" ಭಾಗವೇ ಉದ್ದ ಇರಲಿ. ಅದನ್ನು ಓದಿ ಯಾದಗಿರಿಯಲ್ಲೋ ಬೀದರಿನಲ್ಲೋ ಇನ್ನೊಬ್ಬರು ಹಾಗೇ ಮಾಡಿ ನೋಡುವಂತಿರಬೇಕು. ಕಾಕಿಯ ಎರಡು ಕೊಡ ನೀರನ್ನೂ ಬರೆಯಿರಿ. ಏನೂ ಫರಕ್ ಬೀಳಲಿಲ್ಲ ಅಂದರೆ ಅದನ್ನೂ ಅಷ್ಟೇ ನೆಟ್ಟಗೆ ಬರೆಯಿರಿ. ದುಡ್ಡು ಕೊಟ್ಟರೆ ಮೂರು ದಿನದಲ್ಲಿ ಅಂತಾರಾಷ್ಟ್ರೀಯ ಜರ್ನಲ್‌ನಲ್ಲಿ ಹಾಕುತ್ತೇವೆ ಎಂದು ಮೇಲ್ ಬಂದರೆ ಅಳಿಸಿಬಿಡಿ.

ಥರ್ಮಾಮೀಟರ್‌ಗಳನ್ನು ಆಗಲೇ ಇಳಿಸಬೇಡಿ. ಮಿರಗದ ಮಳೆ ನಾಲ್ಕು ಸಲ ಜೋರಾಗಿ ಬಿದ್ದರೆ ಸುಣ್ಣ ಬಹುಪಾಲು ತೊಳೆದು ಹೋಗುತ್ತದೆ, ಮಾಳಿಗೆ ಮತ್ತೆ ಬೂದು. ಮಳೆ ನಡುವೆ ಬಿಸಿಲು ಬಿದ್ದ ಹತ್ತು ದಿನ ಹುಡುಕಿ ಮತ್ತೆ ಓದಿ. ಸುಣ್ಣಕ್ಕೂ ಮುಂಚೆ ನಿಮ್ಮ ಮನೆಯಲ್ಲಿ ಜಾಸ್ತಿ ಇದ್ದ ಆ 0.6 ವಾಪಸ್ ಬಂತಾ ನೋಡಿ.